ಊರಿನ ಲೆಕ್ಕ ಕೇಳಿದ ಬೂಟಿನ ಸಾಹುಕಾರ

1894ರ ಆಗಸ್ಟ್ 15. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಶಾಲಾ ಮಂಡಳಿಯ ಸಭೆ ಸೇರಿತ್ತು. ಸಭೆಗೆ ಊರಿನ ಮೇಯರ್ ಬಂದ. ಸ್ಥೂಲ ದೇಹ, ಬೋಳುತಲೆ, ಗಡ್ಡ. ಈ ಮಂಡಳಿಯಲ್ಲಿ ಲಂಚ ತಿಂದವರಿದ್ದಾರೆ, ಅವರು ಈಗಿಂದೀಗಲೇ ರಾಜೀನಾಮೆ ಕೊಡಲಿ, ಇಲ್ಲದಿದ್ದರೆ ಜೈಲಿಗೆ ಹೊರಡಲು ಸಿದ್ಧರಾಗಲಿ ಎಂದು ನೇರವಾಗಿ ಹೇಳಿದ. ಯಾರೂ ರಾಜೀನಾಮೆ ಕೊಡಲಿಲ್ಲ. ಮೇಯರ್ ಬರಿಗೈಲಿ ಬಂದಿರಲಿಲ್ಲ, ವಾರಂಟ್ ಸಮೇತ ಬಂದಿದ್ದ. ನಾಲ್ವರು ಸದಸ್ಯರ ಬಂಧನವಾಯಿತು.

ನಾನು ಪುರಸಭೆಯ ಲೆಕ್ಕ ಶಾಖೆಯಲ್ಲಿ ತಲೆ ನರೆಸಿಕೊಂಡು ನಿವೃತ್ತನಾದವನು. ಸಾಮಾನ್ಯ ಸಭೆಗಳಲ್ಲಿ ಮೈಕು ಕಿತ್ತದ್ದು, ನಡಾವಳಿ ಪುಸ್ತಕ ಹರಿದದ್ದು, ಸಭಾತ್ಯಾಗ ಮಾಡಿ ಹೊರಗೆ ಹೋದವರು ಕಾಫಿಯ ಹೊತ್ತಿಗೆ ಒಳಗೆ ಬಂದದ್ದು ಎಲ್ಲವನ್ನೂ ನೋಡಿದ್ದೇನೆ. ಇಂಥದ್ದನ್ನು ಮಾತ್ರ ನೋಡಿಲ್ಲ. ಮಗಳು, ಅಳಿಯ ಡೆಟ್ರಾಯಿಟಿನ ಹೊರವಲಯದಲ್ಲಿ ಇರುವುದರಿಂದ ಆ ಊರಿಗೆ ಹೋಗಿಬರುವುದುಂಟು. ಹಾಗೆ ಹೋದಾಗ ಪರಿಚಯವಾದವನು ಈ ಮೇಯರ್. ಹೆಸರು ಹೇಝನ್ ಪಿಂಗ್ರಿ. ವೃತ್ತಿಯಲ್ಲಿ ಬೂಟು ತಯಾರಕ. 1890ರಿಂದ 1897ರವರೆಗೆ ಡೆಟ್ರಾಯಿಟಿನ ಮೇಯರ್, ಆಮೇಲೆ ನಾಲ್ಕು ವರ್ಷ ಮಿಷಿಗನ್ ರಾಜ್ಯದ ಗವರ್ನರ್. ಅಮೆರಿಕದ ವಿದ್ವಾಂಸರು ತಮ್ಮ ದೇಶದ ಅತ್ಯುತ್ತಮ ಮೇಯರ್‌ಗಳ ಪಟ್ಟಿ ಮಾಡಿದಾಗ ಮೊದಲ ಸಾಲಿನಲ್ಲೇ ಬರುವ ಹೆಸರು. ಹಾಗಿದ್ದೂ ನಮ್ಮಲ್ಲಿ ಅವನ ಹೆಸರು ಕೇಳಿದವರು ಕಡಿಮೆ. ಅಲ್ಲಿಯೂ ಅಷ್ಟೇ ಎಂದು ಆಮೇಲೆ ಗೊತ್ತಾಯಿತು.

ಪಿಂಗ್ರಿ ಹುಟ್ಟಿದ್ದು 1840ರ ಆಗಸ್ಟ್ 30ರಂದು, ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಡೆನ್ಮಾರ್ಕ್ ಎಂಬ ಹಳ್ಳಿಯಲ್ಲಿ. ಬಡ ಕುಟುಂಬ. ಓದು ಅಲ್ಲಿಗಲ್ಲಿಗೆ. ಹದಿನಾಲ್ಕರ ಆಸುಪಾಸಿನಲ್ಲೇ ಮನೆ ಬಿಟ್ಟು ಸಾಕೋ ಎಂಬ ಊರಿನ ಹತ್ತಿಗಿರಣಿ ಸೇರಿದ. 1860ರಲ್ಲಿ ಮ್ಯಾಸಚುಸೆಟ್ಸ್ ರಾಜ್ಯದ ಹಾಪ್ಕಿಂಟನ್‌ಗೆ ಹೋಗಿ ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಕೆಲಸ ಕಲಿತ. ಒಂದು ತೊಗಲಿನಿಂದ ಎಷ್ಟು ಜೋಡಿ ಬೂಟು ಏಳುತ್ತದೆ ಎಂಬುದು ನಿರ್ಧಾರವಾಗುವುದು ಕತ್ತರಿಸುವವನ ಕೈಯಲ್ಲಿ. ಅಚ್ಚನ್ನು ಎರಡು ಬೆರಳು ಆಚೀಚೆ ಇಟ್ಟರೂ ಮಾಲೀಕನ ಲಾಭ ಚೂರುಪಾರು ತೊಗಲಾಗಿ ನೆಲಕ್ಕೆ ಬೀಳುತ್ತದೆ. ಪಿಂಗ್ರಿಯ ಮುಂದಿನ ಬದುಕಿನ ಬೇರು ಈ ಕತ್ತರಿಸುವ ಹಲಗೆಯ ಮೇಲಿದೆ ಎಂದು ನನಗೆ ಅನ್ನಿಸುತ್ತದೆ.

1862ರಲ್ಲಿ ಅಂತರ್ಯುದ್ಧದ ಉತ್ತರದ ಸೇನೆಗೆ ಸೇರಿದ. 1864ರಲ್ಲಿ ದಕ್ಷಿಣದವರ ಕೈಗೆ ಸೆರೆಸಿಕ್ಕಿದ. ಅವನನ್ನು ಇಟ್ಟ ಸೆರೆಮನೆಗಳಲ್ಲಿ ಒಂದು ಜಾರ್ಜಿಯಾದ ಆಂಡರ್ಸನ್‌ವಿಲ್. ಬಯಲಲ್ಲಿ ಮರದ ಗೋಡೆ ಕಟ್ಟಿ, ಒಳಗೆ ಸೈನಿಕರನ್ನು ದನದಂತೆ ತುಂಬಿದ ದೊಡ್ಡಿ ಅದು. ಹದಿನಾಲ್ಕು ತಿಂಗಳಲ್ಲಿ ಸುಮಾರು 45,000 ಮಂದಿ ಅಲ್ಲಿಗೆ ಬಂದರು, ಸುಮಾರು 13,000 ಮಂದಿ ಅಲ್ಲೇ ಸತ್ತರು. ಹಸಿವು, ಭೇದಿ, ಕೊಳಕು ನೀರು. ಪಿಂಗ್ರಿ ಬದುಕಿ ಬಂದ, ಮತ್ತೆ ತನ್ನ ದಳ ಸೇರಿದ. ಯುದ್ಧ ಮುಗಿದ ಮೇಲೆ ಡೆಟ್ರಾಯಿಟಿನ ದಾರಿ ಹಿಡಿದ.

ಅಲ್ಲಿ ಮೊದಲಿಗೆ ಇನ್ನೊಬ್ಬರ ಬೂಟಿನ ಕಾರ್ಖಾನೆಯಲ್ಲಿ ಕೂಲಿ. 1866ರ ಕೊನೆಯಲ್ಲಿ ಚಾರ್ಲ್ಸ್ ಸ್ಮಿತ್ ಎಂಬುವನ ಜೊತೆ ಸೇರಿ ಒಂದು ಪುಟ್ಟ ಕಾರ್ಖಾನೆ ಕೊಂಡ. ಬಂಡವಾಳ 1,360 ಡಾಲರ್, ಕೆಲಸಗಾರರು ಎಂಟು ಜನ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ 'ಪಿಂಗ್ರಿ ಅಂಡ್ ಸ್ಮಿತ್' ಕಂಪನಿಯಲ್ಲಿ ಏಳುನೂರಕ್ಕೂ ಹೆಚ್ಚು ಕೆಲಸಗಾರರಿದ್ದರು, ವರ್ಷದ ವಹಿವಾಟು ಹತ್ತು ಲಕ್ಷ ಡಾಲರ್ ಮುಟ್ಟಿತ್ತು. 1887ರಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಮತ್ತೆ ಕಟ್ಟಿದ. ಅಷ್ಟು ಹೊತ್ತಿಗೆ ಊರಿನ ಗಣ್ಯರ ಸಾಲಿನಲ್ಲಿ ಅವನಿಗೂ ಒಂದು ಜಾಗವಿತ್ತು. ಬ್ಯಾಂಕಿನ ನಿರ್ದೇಶಕ, ದೊಡ್ಡ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕುಟುಂಬಕ್ಕೆಂದೇ ಮೀಸಲಾದ ಬೆಂಚು, ತಳಿ ಕುದುರೆಗಳ ಹವ್ಯಾಸ.

ಆಗಿನ ಡೆಟ್ರಾಯಿಟ್ ಎಂದರೆ ಕಾರಿನ ಊರಲ್ಲ. ಒಲೆ, ರೈಲು ಡಬ್ಬಿ, ಬೂಟು, ಚುಟ್ಟ, ತರಕಾರಿ ಬೀಜ, ಔಷಧಿ ಇವುಗಳ ಊರು. 1880ರಲ್ಲಿ 1,16,340 ಇದ್ದ ಜನಸಂಖ್ಯೆ 1890ಕ್ಕೆ 2,05,876 ಆಯಿತು. ಜರ್ಮನಿಯಿಂದ, ಪೋಲೆಂಡಿನಿಂದ, ಐರ್ಲೆಂಡಿನಿಂದ ಜನ ಬಂದು ತುಂಬಿಕೊಂಡರು. ಊರು ಬೆಳೆದಷ್ಟು ವೇಗವಾಗಿ ಊರಿನ ಏರ್ಪಾಟು ಬೆಳೆಯಲಿಲ್ಲ. ಯಾವುದೇ ಪುರಸಭೆಯ ನೌಕರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1889ರಲ್ಲಿ ರಿಪಬ್ಲಿಕನ್ ಪಕ್ಷದ ಹಿರಿಯರಿಗೆ ಮೇಯರ್ ಸ್ಥಾನಕ್ಕೊಬ್ಬ ಕೈ ಬಾಯಿ ಶುದ್ಧವಿದ್ದ ವ್ಯಾಪಾರಿ ಬೇಕಾಗಿದ್ದ. ಅಧಿಕಾರ ಡೆಮಾಕ್ರಟರ ಬಳಿ ಇತ್ತು. ಪಿಂಗ್ರಿಯನ್ನು ಹಿಡಿದರು. ತನ್ನ ಕೆಲಸ ಬೂಟು ಮಾಡುವುದು, ರಾಜಕೀಯ ತನಗೆ ತಿಳಿಯದು ಎಂದು ಅವನು ಹಿಂಜರಿದರೂ ಬಿಡಲಿಲ್ಲ. ನಿಲ್ಲಿಸಿದವರ ಲೆಕ್ಕಾಚಾರ ಸರಳವಾಗಿತ್ತು: ನಮ್ಮವನೊಬ್ಬ ಕುರ್ಚಿಯಲ್ಲಿ ಕೂತರೆ ತೆರಿಗೆ ಏರುವುದಿಲ್ಲ, ನಮ್ಮ ಕಂಪನಿಗಳ ತಂಟೆಗೆ ಯಾರೂ ಬರುವುದಿಲ್ಲ. ಪಿಂಗ್ರಿ ಐರಿಷ್ ಕೂಲಿಕಾರರ ಹೆಂಡದಂಗಡಿಗಳಿಗೂ ಹೋಗಿ, ಅವರ ಜೊತೆ ಕುಡಿದು ಓಟು ಕೇಳಿದ. ಗೆದ್ದ.

ಮೊದಲು ಕೈ ಹಾಕಿದ್ದು ರಸ್ತೆಗೆ. ಡೆಟ್ರಾಯಿಟಿನ ಬೀದಿಗಳಿಗೆ ಆಗ ಮರದ ಹಾಸು. ಸೀಡರ್ ಮರದ ದಿಮ್ಮಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ಸಾಲಾಗಿ ನಿಲ್ಲಿಸಿ, ಸಂದಿಗೆ ಜಲ್ಲಿ ತುಂಬುವುದು. ಹಾಕಿದ ವರ್ಷ ನೋಡಲು ಚಂದ. ಅಡಿಪಾಯ ಸರಿಯಿಲ್ಲದಿದ್ದರೆ ಮಳೆ, ಹಿಮ, ಕುದುರೆ ಲದ್ದಿ ಎಲ್ಲ ಸೇರಿ ಮರ ಕೊಳೆಯುತ್ತದೆ, ಬಿಲ್ಲೆಗಳು ಮೇಲೇಳುತ್ತವೆ, ಗುಂಡಿ ಬೀಳುತ್ತದೆ. ಮತ್ತೆ ಅದೇ ಗುತ್ತಿಗೆದಾರ, ಮತ್ತೆ ಬಿಲ್ಲು. ಕೆಲವೇ ಗುತ್ತಿಗೆದಾರರು ಒಳಗೊಳಗೇ ಮಾತಾಡಿಕೊಂಡು ಟೆಂಡರ್ ಹಂಚಿಕೊಳ್ಳುತ್ತಿದ್ದರು. ಪಿಂಗ್ರಿ ಎರಡು ಕೆಲಸ ಮಾಡಿದ. ಒಂದು, ಅಡಿಯಲ್ಲಿ ಕಾಂಕ್ರೀಟ್, ಮೇಲೆ ಡಾಂಬರು ಅಥವಾ ಇಟ್ಟಿಗೆ ಎಂದು ಕೆಲಸದ ವಿವರವನ್ನೇ ಬದಲಿಸಿದ. ಎರಡು, ಬೇರೆ ಊರುಗಳಲ್ಲಿ ಇದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆ ಎಂದು ದರ ತರಿಸಿದ.

ಈ ಎರಡನೆಯದನ್ನು ಓದುವಾಗ ನನ್ನ ಕೈ ತಾನಾಗಿ ಪುಟದ ಅಂಚಿನಲ್ಲೊಂದು ಗೀಟು ಎಳೆಯಿತು. ಅಂದಾಜು ಪಟ್ಟಿ ನಮ್ಮ ಟೇಬಲ್ಲಿಗೆ ಬಂದಾಗ ಕೂಡು-ಕಳೆ ಸರಿಯಿದೆಯೇ, ಸಹಿ ಇದೆಯೇ, ಅನುದಾನದ ಶೀರ್ಷಿಕೆ ಹೊಂದುತ್ತದೆಯೇ ಎಂದು ನೋಡುತ್ತಿದ್ದೆವು. ಆ ದರವೇ ನ್ಯಾಯವಾದದ್ದೇ ಎಂದು ಕೇಳುವುದು ನಮ್ಮ ಕೆಲಸವಾಗಿರಲಿಲ್ಲ. ಪಿಂಗ್ರಿಗೆ ಅದೊಂದೇ ಕೆಲಸ. ಇಪ್ಪತ್ತು ವರ್ಷ ಚರ್ಮ, ದಾರ, ಮೊಳೆ, ಕೂಲಿ ಎಂದು ಜೋಡಿ ಲೆಕ್ಕದಲ್ಲಿ ಬದುಕಿದವನಿಗೆ ಅಂದಾಜು ಪಟ್ಟಿಯ ಅಂಕಿ ಕಂಡೊಡನೆ ಅದರ ಹೊಟ್ಟೆ ಬಗೆದು ನೋಡುವ ಚಾಳಿ. 1890ರ ದಶಕದ ಮಧ್ಯದ ಹೊತ್ತಿಗೆ ಡೆಟ್ರಾಯಿಟಿನ ರಸ್ತೆಗಳು ಆ ದೇಶದ ಒಳ್ಳೆಯ ರಸ್ತೆಗಳ ಸಾಲಿಗೆ ಬಂದವು. 1896ರ ಜೂನ್ 4ರಂದು ಹೆನ್ರಿ ಫೋರ್ಡ್ ತನ್ನ ಮೊದಲ ನಾಲ್ಕು ಗಾಲಿಯ ಯಂತ್ರಗಾಡಿಯನ್ನು ಬೀದಿಗಿಳಿಸಿದ್ದು ಪಿಂಗ್ರಿಯ ಡೆಟ್ರಾಯಿಟಿನಲ್ಲೇ.

ರಸ್ತೆಯ ಜೊತೆಗೇ ಟೋಲ್‌ಗೇಟು. ಹಿಂದೆ ಹಲಗೆ ಹಾಸಿ ಹೆದ್ದಾರಿ ಮಾಡಿದ ಖಾಸಗಿ ಕಂಪನಿಗಳಿಗೆ ಸುಂಕ ವಸೂಲಿಯ ಹಕ್ಕಿತ್ತು. ಊರು ಬೆಳೆಯುತ್ತಾ ಆ ಗೇಟುಗಳು ಊರಿನ ಒಳಗೇ ಸಿಕ್ಕಿಕೊಂಡವು. ಹಳ್ಳಿಯ ರೈತ ತರಕಾರಿ ಗಾಡಿ ಹೊಡೆದುಕೊಂಡು ಸಂತೆಗೆ ಬರಬೇಕಾದರೆ ಕಾಸು, ಹಿಂದಿರುಗಬೇಕಾದರೆ ಕಾಸು. ಪಿಂಗ್ರಿ ನಗರದ ಮಿತಿಯೊಳಗಿನ ಗೇಟುಗಳನ್ನು ತೆಗೆಸಲು ಜಗಳಕ್ಕೆ ನಿಂತ, ತೆಗೆಸಿದ.

ಆಮೇಲೆ ಬೀದಿದೀಪ. ಡೆಟ್ರಾಯಿಟಿನಲ್ಲಿ ಆಗ ಎತ್ತರದ ಕಬ್ಬಿಣದ ಗೋಪುರಗಳ ತುದಿಯಲ್ಲಿ ಆರ್ಕ್ ದೀಪ ಉರಿಸುತ್ತಿದ್ದರು. ಖಾಸಗಿ ಕಂಪನಿಗೆ ದೀಪಕ್ಕಿಷ್ಟು ಎಂದು ವರ್ಷಕ್ಕೊಮ್ಮೆ ಬಾಡಿಗೆ. ಪಿಂಗ್ರಿ ಮತ್ತೆ ಪಕ್ಕದ ಊರುಗಳ ದರ ತರಿಸಿ ಪಕ್ಕಪಕ್ಕದಲ್ಲಿಟ್ಟ. ತಮ್ಮ ಊರು ಜಾಸ್ತಿ ಕೊಡುತ್ತಿದೆ ಎಂದಾದ ಮೇಲೆ, ನಗರವೇ ಸ್ವಂತ ವಿದ್ಯುತ್ ಸ್ಥಾವರ ಕಟ್ಟಲಿ ಎಂದ. ಕಂಪನಿಯವರು ಬೊಬ್ಬೆ ಹೊಡೆದರು, ಜನ ಮತ ಹಾಕಿ ಒಪ್ಪಿದರು. 1895ರಲ್ಲಿ ನಗರದ ಸ್ಥಾವರ ಶುರುವಾಯಿತು. ಮನೆಗಳಿಗೆ ಕರೆಂಟು ಮಾರುವ ಹಕ್ಕು ಅದಕ್ಕಿರಲಿಲ್ಲ, ಬೀದಿಗೆ ಮತ್ತು ಸರ್ಕಾರಿ ಕಟ್ಟಡಗಳಿಗೆ ಮಾತ್ರ. ಅದನ್ನು ರೂಪಿಸಿದ ಎಂಜಿನಿಯರ್ ಅಲೆಕ್ಸ್ ಡೌ. ಮರುವರ್ಷವೇ ಅವನನ್ನು ಖಾಸಗಿ ಎಡಿಸನ್ ಕಂಪನಿ ಎಳೆದುಕೊಂಡಿತು. ಅಲ್ಲಿ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ಎಂಜಿನಿಯರುಗಳಲ್ಲಿ ಹೆನ್ರಿ ಫೋರ್ಡ್ ಒಬ್ಬ. ಸರ್ಕಾರ ತಯಾರು ಮಾಡಿದ ಒಳ್ಳೆಯ ಎಂಜಿನಿಯರನ್ನು ಕಂಪನಿ ಹೊತ್ತೊಯ್ಯುವುದು ಹೊಸ ವಿದ್ಯಮಾನವಲ್ಲ ಎಂದು ಇಲ್ಲಿ ಗೊತ್ತಾಗುತ್ತದೆ.

ಇಷ್ಟರವರೆಗೆ ನಡೆದದ್ದನ್ನು ಪಕ್ಷದ ಹಿರಿಯರು ಹೇಗೋ ನುಂಗಿಕೊಂಡಾರು. ಗಂಟಲಿಗೆ ಸಿಕ್ಕಿಕೊಂಡಿದ್ದು ಟ್ರಾಮ್.

ನಗರದ ಬೀದಿಗಳಲ್ಲಿ ಹಳಿ ಹಾಕಿ ಕುದುರೆ ಟ್ರಾಮ್ ಓಡಿಸುತ್ತಿದ್ದುದು ಡೆಟ್ರಾಯಿಟ್ ಸಿಟಿ ರೈಲ್ವೆ ಎಂಬ ಖಾಸಗಿ ಕಂಪನಿ. ಬೇರೆ ಊರುಗಳಲ್ಲಿ ವಿದ್ಯುತ್ ಟ್ರಾಮ್ ಬರುತ್ತಿದ್ದರೂ ಇಲ್ಲಿ ಕುದುರೆಯೇ. 1891ರ ಏಪ್ರಿಲ್‌ನಲ್ಲಿ, ಸಂಘ ಕಟ್ಟಿದ ಕೆಲಸಗಾರರನ್ನು ಕಂಪನಿ ಕಿತ್ತುಹಾಕಿತೆಂದು ಮುಷ್ಕರ ಎದ್ದಿತು. ಅಚ್ಚರಿಯೆಂದರೆ ಊರಿನ ಜನ ಮುಷ್ಕರದವರ ಪರ ಬೀದಿಗಿಳಿದರು. ಹಳಿ ಕಿತ್ತರು, ಗಾಡಿ ಉರುಳಿಸಿದರು. ಕಂಪನಿಗೆ ಸೇನಾತುಕಡಿ ಬೇಕಿತ್ತು. ಮೇಯರ್ ಒಬ್ಬ ಕಾರ್ಖಾನೆಯ ಮಾಲೀಕ, ಯುದ್ಧ ಕಂಡವನು, ರಿಪಬ್ಲಿಕನ್. ಕರೆಸುವುದರಲ್ಲಿ ಸಂಶಯವೇ ಇರಲಿಲ್ಲ. ಪಿಂಗ್ರಿ ಕರೆಸಲಿಲ್ಲ. ಕೂತು ಮಾತಾಡಿ ಬಗೆಹರಿಸಿಕೊಳ್ಳಿ, ಮಧ್ಯಸ್ಥಿಕೆಗೆ ಒಪ್ಪಿ ಎಂದ. ತನ್ನ ಕಾರ್ಖಾನೆಯಲ್ಲೇ ಕಾರ್ಮಿಕ ಸಂಘಟನೆಯ ಜೊತೆ ಜಗಳವನ್ನೂ ರಾಜಿಯನ್ನೂ ಕಂಡಿದ್ದವನು ಅವನು. ಕಂಪನಿ ಮಣಿಯಬೇಕಾಯಿತು.

ಅದೇ ವರ್ಷ ನಗರಸಭೆ ಟ್ರಾಮ್ ಕಂಪನಿಗೆ ಮೂವತ್ತು ವರ್ಷದ ಹಕ್ಕುಪತ್ರ ಮಂಜೂರು ಮಾಡಿದಾಗ ಪಿಂಗ್ರಿ ಅದನ್ನು ತಿರಸ್ಕರಿಸಿದ. ಬೀದಿ ಊರಿನದು, ಅದರ ಮೇಲೆ ಹಳಿ ಹಾಕುವ ಹಕ್ಕು ಊರಿನ ಆಸ್ತಿ, ಅದನ್ನು ಬಿಟ್ಟಿ ಕೊಡುವುದಕ್ಕೆ ನಾವು ಯಾರು ಎಂಬುದು ಅವನ ವಾದ. ಜನ ದೊಡ್ಡ ಸಭೆ ಸೇರಿ ಬೆನ್ನಿಗೆ ನಿಂತರು. ಅಲ್ಲಿಂದ ಮುಂದೆ ಅವನ ಹಟ ಒಂದೇ: ಟಿಕೆಟ್ ಐದು ಸೆಂಟ್ ಬೇಡ, ಮೂರು ಸೆಂಟ್ ಸಾಕು. ಐದಕ್ಕೂ ಮೂರಕ್ಕೂ ಏನು ಮಹಾ ವ್ಯತ್ಯಾಸ ಎನ್ನಬಾರದು. ದಿನಕ್ಕೆ ಎರಡು ಸಲ ಟ್ರಾಮ್ ಹತ್ತಬೇಕಾದ ಕೂಲಿಯವನಿಗೆ ಅದು ದಿನಾ ಉಳಿಯುವ ನಾಲ್ಕು ಸೆಂಟ್. ಕಡೆಗೆ ಅವನ ಒತ್ತಾಸೆಯಿಂದ ಇನ್ನೊಂದು ಕಂಪನಿ ಸ್ಪರ್ಧೆಗೆ ಬಂತು. 1895ರಲ್ಲಿ ಆ ಹೊಸ ಗಾಡಿಗಳು ಓಡತೊಡಗಿದಾಗ ಹಗಲು ಹೊತ್ತು 25 ಸೆಂಟಿಗೆ ಎಂಟು ಟಿಕೆಟ್. ಲೆಕ್ಕ ಹಾಕಿದರೆ ತಲಾ ಮೂರು ಸೆಂಟಿಗೆ ಚೂರು ಜಾಸ್ತಿ. ಆ ಹೊತ್ತಿಗೆ ಹಳೆಯ ಟ್ರಾಮ್ ಕಂಪನಿಯ ಪರ ಅವನೆದುರು ನಿಂತಿದ್ದವನು ಟಾಮ್ ಜಾನ್ಸನ್. ಇದೇ ಜಾನ್ಸನ್ 1901ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಮೇಯರ್ ಆಗಿ, ಪಿಂಗ್ರಿಯ ಮೂರು ಸೆಂಟಿನ ಕೂಗನ್ನೇ ತನ್ನದು ಮಾಡಿಕೊಂಡು ಹೆಸರು ಗಳಿಸಿದ. ಎದುರಾಳಿಯೇ ಶಿಷ್ಯನಾದ.

ಇದಕ್ಕೆಲ್ಲ ಪಿಂಗ್ರಿ ತೆತ್ತ ಬೆಲೆ ಸಣ್ಣದಲ್ಲ. ಟ್ರಾಮ್, ದೀಪ, ಗ್ಯಾಸ್ ಕಂಪನಿಗಳಲ್ಲಿ ಹಣ ಹೂಡಿದ್ದವರು ಅವನನ್ನು ಚುನಾವಣೆಗೆ ನಿಲ್ಲಿಸಿದವರೇ, ಇಲ್ಲವೇ ಅವರ ನಂಟರು. ರಾಜ್ಯದ ರಿಪಬ್ಲಿಕನ್ ಪಕ್ಷವನ್ನು ಕೈಯಲ್ಲಿಟ್ಟುಕೊಂಡಿದ್ದ ಸೆನೆಟರ್ ಜೇಮ್ಸ್ ಮೆಕ್‌ಮಿಲನ್‌ನ ಹಿತವೂ ಅದರಲ್ಲಿ ಬೆಸೆದುಕೊಂಡಿತ್ತು. ಬ್ಯಾಂಕಿನ ನಿರ್ದೇಶಕ ಸ್ಥಾನ ಹೋಯಿತು. ಚರ್ಚಿನಲ್ಲಿ ಕುಟುಂಬ ಕೂರುತ್ತಿದ್ದ ಬೆಂಚು ಹೋಯಿತು. ಹಳೆಯ ಗೆಳೆಯರು ರಸ್ತೆಯಲ್ಲಿ ಮುಖ ತಿರುಗಿಸಿದರು. ಪತ್ರಿಕೆಗಳು ಬೆನ್ನು ಬಿದ್ದವು. ಜನ ಮಾತ್ರ 1891, 1893, 1895 ಮೂರೂ ಸಲ ಅವನನ್ನೇ ಆರಿಸಿದರು.

1893ರಲ್ಲಿ ಅಮೆರಿಕದ ಅರ್ಥವ್ಯವಸ್ಥೆ ಕುಸಿಯಿತು. ಬ್ಯಾಂಕುಗಳು ಮುಳುಗಿದವು, ರೈಲು ಕಂಪನಿಗಳು ದಿವಾಳಿಯೆದ್ದವು. ರೈಲು ಡಬ್ಬಿಗಳನ್ನೇ ನಂಬಿಕೊಂಡಿದ್ದ ಡೆಟ್ರಾಯಿಟಿನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅದರಲ್ಲಿ ಹೆಚ್ಚಿನವರು ಪೋಲಿಷ್, ಜರ್ಮನ್ ಮೂಲದವರು. ನಗರದ ಬಡವರ ನಿಧಿ ಬರಿದಾಗುತ್ತಾ ಬಂತು. 1894ರ ಬೇಸಿಗೆಯಲ್ಲಿ ಪಿಂಗ್ರಿ ಒಂದು ಯೋಚನೆ ಮುಂದಿಟ್ಟ. ಊರಿನ ಅಂಚಿನಲ್ಲಿ, ಸೈಟಿನ ಬೆಲೆ ಏರಲಿ ಎಂದು ಕಾಯುತ್ತಾ ಪಾಳು ಬಿಟ್ಟಿದ್ದ ಜಮೀನು ಎಕರೆಗಟ್ಟಲೆ ಇತ್ತು. ಅದನ್ನು ತಾತ್ಕಾಲಿಕವಾಗಿ ಕೊಡಿ, ಕೆಲಸವಿಲ್ಲದವರು ಆಲೂಗಡ್ಡೆ ಬೆಳೆದುಕೊಳ್ಳಲಿ.

ಊರಿಗೆ ಊರೇ ನಕ್ಕಿತು. ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದವು. ಬಡವರು ಸೋಮಾರಿಗಳು, ಬಿತ್ತನೆ ಗಡ್ಡೆಯನ್ನೇ ಬೇಯಿಸಿ ತಿಂದುಬಿಡುತ್ತಾರೆ ಎಂಬ ಧಾಟಿಯ ಮಾತು. ಖರ್ಚಿಗೆ ದುಡ್ಡು ಕೊಡಿ ಎಂದು ಚರ್ಚುಗಳನ್ನು ಕೇಳಿದ್ದಕ್ಕೆ ಸಿಕ್ಕಿದ್ದು 13 ಡಾಲರ್ 80 ಸೆಂಟ್. ಆಗ ಪಿಂಗ್ರಿ ತನ್ನ ಮೆಚ್ಚಿನ ತಳಿ ಕುದುರೆಯನ್ನು ಹರಾಜಿಗೆ ನಿಲ್ಲಿಸಿದ. ಅದರ ಯೋಗ್ಯತೆಗೆ ತಕ್ಕ ಬೆಲೆ ಬರಲಿಲ್ಲ, ಆದರೆ ಸುದ್ದಿಯಾಯಿತು. ಮೇಯರನೇ ಕುದುರೆ ಮಾರಿದ ಮೇಲೆ ಉಳಿದವರಿಗೂ ಜೇಬಿಗೆ ಕೈ ಹಾಕದೆ ವಿಧಿಯಿಲ್ಲ.

ಈ ಯೋಜನೆಯ ಲೆಕ್ಕವನ್ನು ನಾನು ಬಾಯಲ್ಲಿ ನೀರೂರುವಂತೆ ಓದಿದ್ದೇನೆ. ಕ್ಯಾಪ್ಟನ್ ಕಾರ್ನೀಲಿಯಸ್ ಗಾರ್ಡನರ್ ಎಂಬ ಸೈನ್ಯಾಧಿಕಾರಿಯ ನೇತೃತ್ವದಲ್ಲಿ ಒಂದು ಸಮಿತಿ. ಸಿಕ್ಕ ನೆಲ ಸುಮಾರು 430 ಎಕರೆ. ಅರ್ಜಿ ಹಾಕಿದ ಕುಟುಂಬಗಳು ಸುಮಾರು 3,000, ಜಾಗ ಸಿಕ್ಕಿದ್ದು 945ಕ್ಕೆ. ಕುಟುಂಬಕ್ಕೆ ಕಾಲು ಎಕರೆಯಿಂದ ಅರ್ಧ ಎಕರೆ. ಸಮಿತಿ ಉತ್ತು ಹದ ಮಾಡಿಸಿ, ಗಡ್ಡೆ, ಹುರುಳಿಕಾಯಿ, ಟರ್ನಿಪ್ ಬೀಜ ಕೊಟ್ಟಿತು. ಹೇಗೆ ನೆಡಬೇಕೆಂಬ ಸೂಚನೆಯನ್ನು ಇಂಗ್ಲಿಷ್, ಜರ್ಮನ್, ಪೋಲಿಷ್ ಮೂರು ಭಾಷೆಯಲ್ಲಿ ಅಚ್ಚು ಹಾಕಿಸಿತು. ಹಂಗಾಮು ಆಗಲೇ ತಡವಾಗಿತ್ತು. ಆದರೂ ಬೆಳೆ ಬಂತು. ಆ ವರ್ಷ ಸಮಿತಿ ಮಾಡಿದ ಖರ್ಚು ಸುಮಾರು 3,600 ಡಾಲರ್, ಬೆಳೆದ ಫಸಲಿನ ಬೆಲೆ ಕಡಿಮೆಯೆಂದರೂ 12,000 ಡಾಲರ್. ಒಂದಕ್ಕೆ ಮೂರು ಪಟ್ಟಿಗಿಂತ ಹೆಚ್ಚು. ಸರ್ಕಾರಿ ಲೆಕ್ಕದಲ್ಲಿ ಇಂಥ ಅಂಕಿ ಕಾಣಸಿಗುವುದು ಅಪರೂಪ. ಪೋಲಿಷ್ ರೈತರ ಮಕ್ಕಳಿಗೆ ಬೇಸಾಯ ಹೊಸದಲ್ಲ. ಅವರಿಗೆ ಇಲ್ಲದೇ ಇದ್ದದ್ದು ನೆಲ ಮಾತ್ರ.

ನಕ್ಕವರೇ ಮುಂದಿನ ವರ್ಷ ಕಾಗದ ಬರೆದು ವಿವರ ತರಿಸಿಕೊಂಡರು. ನ್ಯೂಯಾರ್ಕ್, ಬಾಸ್ಟನ್, ಬಫಲೋ, ಫಿಲಡೆಲ್ಫಿಯಾ ಮುಂತಾದ ಊರುಗಳಲ್ಲಿ ಇದೇ ಮಾದರಿಯ ತೋಟಗಳು ಎದ್ದವು. ಡೆಟ್ರಾಯಿಟಿನ ಮೇಯರ್‌ಗೆ ದೇಶದ ತುಂಬ 'ಪೊಟಾಟೊ ಪ್ಯಾಚ್ ಪಿಂಗ್ರಿ' ಎಂಬ ಹೆಸರು ಅಂಟಿತು. 1895ರಲ್ಲಿ ತನ್ನ ಜಗಳಗಳನ್ನೆಲ್ಲ ದಾಖಲಿಸಿ 'ಫ್ಯಾಕ್ಟ್ಸ್ ಅಂಡ್ ಒಪಿನಿಯನ್ಸ್' ಎಂಬ ಪುಸ್ತಕವನ್ನೂ ಹೊರತಂದ. ಪತ್ರಿಕೆಗಳು ತನ್ನ ಮಾತು ಹಾಕುವುದಿಲ್ಲವೆಂದಾದರೆ ತಾನೇ ಅಚ್ಚು ಹಾಕಿಸಿಬಿಡುವುದು ಎಂಬ ಧೋರಣೆ.

ಇಲ್ಲಿಗೆ ನಿಲ್ಲಿಸಿದರೆ ಕತೆ ಸಿಹಿಯಾಗಿರುತ್ತದೆ. ಆದರೆ ಲೆಕ್ಕದವನು ಜಮೆಯ ಬದಿಯನ್ನಷ್ಟೇ ಓದಿ ಪುಸ್ತಕ ಮುಚ್ಚುವಂತಿಲ್ಲ.

1896ರ ನವೆಂಬರ್‌ನಲ್ಲಿ ಪಿಂಗ್ರಿ ಮಿಷಿಗನ್‌ನ ಗವರ್ನರ್ ಆಗಿ ಆರಿಸಿ ಬಂದ. ಮೇಯರ್ ಕುರ್ಚಿಯನ್ನು ಬಿಡಲು ಮನಸ್ಸಾಗಲಿಲ್ಲ. ಎರಡನ್ನೂ ಇಟ್ಟುಕೊಳ್ಳುತ್ತೇನೆ ಎಂದು ಹಟ ಹಿಡಿದ. ರಾಜ್ಯದ ಸುಪ್ರೀಂ ಕೋರ್ಟ್ ಆಗದು ಎಂದ ಮೇಲೆ 1897ರ ಮಾರ್ಚ್‌ನಲ್ಲಿ ಮೇಯರ್ ಹುದ್ದೆ ಬಿಟ್ಟ. ಬಿಟ್ಟದ್ದೇ ತಡ, ಆ ಜಾಗಕ್ಕೆ ಎದುರು ಪಕ್ಷದ ವಿಲಿಯಂ ಮೇಬರಿ ಗೆದ್ದು ಬಂದ. ಇಷ್ಟು ವರ್ಷದ ಜಗಳದಲ್ಲಿ ಪಿಂಗ್ರಿ ತನ್ನ ಜಾಗದಲ್ಲಿ ನಿಲ್ಲುವ ಇನ್ನೊಬ್ಬನನ್ನು ತಯಾರು ಮಾಡಿರಲಿಲ್ಲ. ಒಳ್ಳೆಯ ಅಧಿಕಾರಿಯ ಕೈಯಲ್ಲಿ ಎಲ್ಲ ಕಡತಗಳೂ ಚೆನ್ನಾಗಿ ನಡೆಯುತ್ತವೆ, ಅವನಿಗೆ ವರ್ಗವಾದ ದಿನ ಎಲ್ಲವೂ ನಿಲ್ಲುತ್ತವೆ. ಇದು ನಾನು ಕೆಲಸ ಮಾಡಿದ ಕಚೇರಿಗಳಿಗೂ ಗೊತ್ತಿದ್ದ ಕಾಯಿಲೆ.

ಗವರ್ನರ್ ಆಗಿ ಅವನು ಹಿಡಿದ ದೊಡ್ಡ ಕೆಲಸ ರೈಲು ಕಂಪನಿಗಳ ತೆರಿಗೆ. ರೈತನ ಮನೆ, ಹೊಲಕ್ಕೆ ಆಸ್ತಿಯ ಬೆಲೆಯ ಮೇಲೆ ತೆರಿಗೆ. ರೈಲು ಕಂಪನಿಗೆ ಮಾತ್ರ ಗಳಿಕೆಯ ಮೇಲೆ ಒಂದಿಷ್ಟು, ಅದೂ ಹಗುರ. ಎಲ್ಲರಿಗೂ ಒಂದೇ ತಕ್ಕಡಿ ಇರಲಿ ಎಂದು ಪಿಂಗ್ರಿ ಹೊರಟ. ಸೆನೆಟ್ಟಿನಲ್ಲಿ ಅವನದೇ ಪಕ್ಷದವರು ಅಡ್ಡ ನಿಂತರು. 1899ರಲ್ಲಿ ಹೇಗೋ ಕಾನೂನಾದದ್ದನ್ನು ಕೋರ್ಟ್ ಅಸಿಂಧುಗೊಳಿಸಿತು. ಬಿಡದೆ ವಿಶೇಷ ಅಧಿವೇಶನ ಕರೆದು, ರಾಜ್ಯ ಸಂವಿಧಾನದ ತಿದ್ದುಪಡಿಯನ್ನೇ ಜನರ ಮುಂದಿಟ್ಟ. 1900ರ ನವೆಂಬರ್‌ನಲ್ಲಿ ಜನ ಒಪ್ಪಿದರು. ಕಾನೂನು ಜಾರಿಗೆ ಬರುವ ಹೊತ್ತಿಗೆ ಇವನ ಅವಧಿ ಮುಗಿದಿತ್ತು.

ಕಲೆಯೂ ಅದೇ ಕೊನೆಯ ದಿನಗಳಲ್ಲಿ ಹತ್ತಿತು. ರಾಜ್ಯ ಸೇನಾದಳದ ಬಟ್ಟೆಬರೆಯನ್ನು ಹಳೆಯದೆಂದು ಅಗ್ಗಕ್ಕೆ ಮಾರಿದಂತೆ ಮಾಡಿ, ಅದನ್ನೇ ಹೊಸ ಚೀಟಿ ಅಂಟಿಸಿ ಹೆಚ್ಚು ಬೆಲೆಗೆ ಕೊಂಡ ಹಗರಣ ಬಯಲಾಯಿತು. ಸಿಕ್ಕಿಬಿದ್ದವರು ಅವನ ಕೈಕೆಳಗಿನ ಸೇನಾಧಿಕಾರಿಗಳು. ಪಿಂಗ್ರಿ ಹುದ್ದೆ ಬಿಡುವ ಮುನ್ನ ಇಬ್ಬರಿಗೆ, ದಂಡ ಕಟ್ಟುವ ಷರತ್ತಿನ ಮೇಲೆ ಕ್ಷಮಾದಾನ ಕೊಟ್ಟ. 1894ರಲ್ಲಿ ಶಾಲಾ ಮಂಡಳಿಯ ಸದಸ್ಯರನ್ನು ಸಭೆಯಿಂದಲೇ ಜೈಲಿಗಟ್ಟಿದ ಮನುಷ್ಯ ತನ್ನವರ ಸರದಿ ಬಂದಾಗ ಕೈ ಸಡಿಲಿಸಿದ. ಇದಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. ಆಡಿಟ್ ಆಕ್ಷೇಪಣೆ ಎಂದು ಹಾಗೇ ಉಳಿಯಲಿ.

1901ರ ಜನವರಿಯಲ್ಲಿ ಅಧಿಕಾರ ಬಿಟ್ಟವನು ಬೇಟೆಗೆಂದು ಆಫ್ರಿಕಾಕ್ಕೆ ಹೋದ. ಹಿಂದಿರುಗುವಾಗ ಲಂಡನ್ನಿನಲ್ಲಿ ಕಾಯಿಲೆ ಬಿದ್ದು ಜೂನ್ 18ರಂದು ತೀರಿಕೊಂಡ. ವಯಸ್ಸು 60. ದೇಹವನ್ನು ಡೆಟ್ರಾಯಿಟಿಗೆ ತಂದಾಗ ಕೊನೆಯ ದರ್ಶನಕ್ಕೆ ಜನ ಸಾಲುಗಟ್ಟಿದರು. ಸಾಮಾನ್ಯ ಜನರ ವಂತಿಗೆಯಿಂದ 1904ರಲ್ಲಿ ಗ್ರ್ಯಾಂಡ್ ಸರ್ಕಸ್ ಪಾರ್ಕಿನಲ್ಲಿ ಕಂಚಿನ ಪ್ರತಿಮೆ ಎದ್ದಿತು. ಶಿಲ್ಪಿ ರುಡಾಲ್ಫ್ ಶ್ವಾರ್ಟ್ಸ್. ಕುದುರೆಯಿಲ್ಲ, ಕತ್ತಿಯಿಲ್ಲ. ಕುರ್ಚಿಯಲ್ಲಿ ಕೂತ ದಪ್ಪನೆಯ ಮನುಷ್ಯ. ಅದನ್ನು ನೋಡುತ್ತಾ ನಿಂತಾಗ ಅಳಿಯನನ್ನು ಕೇಳಿದೆ.

"ಇವರು ಯಾರು ಗೊತ್ತೇನಪ್ಪ?"

"ಇಲ್ಲ ಮಾವ. ಆಟ ನೋಡೋಕೆ ಬಂದಾಗೆಲ್ಲ ಇದೇ ದಾರೀಲಿ ಹೋಗ್ತೀವಿ. ಯಾರೋ ಜನರಲ್ ಇರಬೇಕು ಅಂದ್ಕೊಂಡಿದ್ದೆ."

"ಅಲ್ಲ. ಬೂಟು ಮಾಡ್ತಿದ್ದರು. ನೀನು ಗಾಡಿ ಓಡಿಸೋ ಬೀದಿಗೆ ಮೊದಲು ಸರಿಯಾಗಿ ಡಾಂಬರು ಹಾಕಿಸಿದವರು."

ಅಳಿಯ ಕಾರು ಕಂಪನಿಯ ಎಂಜಿನಿಯರ್. ಡೆಟ್ರಾಯಿಟಿನ ಇತಿಹಾಸ ಫೋರ್ಡ್‌ನಿಂದ ಶುರು ಎಂದು ಅವನಂಥ ಎಷ್ಟೋ ಮಂದಿ ನಂಬಿದ್ದಾರೆ.

ಪಿಂಗ್ರಿಯ ಮುಗಿಯದ ಕೆಲಸ ಮುಗಿದದ್ದು ಇನ್ನೊಬ್ಬ ವ್ಯಾಪಾರಿಯ ಕೈಯಲ್ಲಿ. ಫೋರ್ಡ್ ಕಂಪನಿಯ ಲೆಕ್ಕಪತ್ರ, ವ್ಯವಹಾರ ನೋಡಿಕೊಂಡಿದ್ದ ಜೇಮ್ಸ್ ಕೂಝೆನ್ಸ್ ಮೇಯರ್ ಆಗಿ, 1922ರಲ್ಲಿ ಟ್ರಾಮ್ ವ್ಯವಸ್ಥೆಯನ್ನು ನಗರದ ಸ್ವತ್ತಾಗಿಸಿದ. ಆಲೂಗಡ್ಡೆಯ ಯೋಚನೆಗೂ ಮರುಜೀವ ಬಂತು. ಕಾರ್ಖಾನೆಗಳು ಮುಚ್ಚಿ, ಜನ ಊರು ಬಿಟ್ಟು, ಖಾಲಿ ಸೈಟುಗಳು ಹೆಚ್ಚುತ್ತಿದ್ದ 1970ರ ದಶಕದಲ್ಲಿ ಮೇಯರ್ ಕೋಲ್ಮನ್ ಯಂಗ್ ಜನರಿಗೆ ಖಾಲಿ ಜಾಗದಲ್ಲಿ ತರಕಾರಿ ಬೆಳೆಯಲು ಉತ್ತೇಜನ ಕೊಟ್ಟ. ಇವತ್ತಿಗೂ ಡೆಟ್ರಾಯಿಟಿನ ಬೀದಿಗಳ ನಡುವೆ ಟೊಮೆಟೊ, ಕೋಸು, ಜೋಳದ ಪಾತಿಗಳು ಕಾಣುತ್ತವೆ. ಬೀದಿದೀಪದ ಕತೆ ಅಷ್ಟು ಸುಖದ್ದಲ್ಲ. 2013ರಲ್ಲಿ ನಗರ ದಿವಾಳಿ ಅರ್ಜಿ ಹಾಕಿದಾಗ ಸುಮಾರು ಶೇ. 40ರಷ್ಟು ದೀಪಗಳು ಉರಿಯುತ್ತಿರಲಿಲ್ಲ. ಅದಕ್ಕೆಂದೇ ಹೊಸ ಪ್ರಾಧಿಕಾರ ಮಾಡಿ, 2016ರ ಕೊನೆಗೆ 65,000 ಎಲ್ಇಡಿ ದೀಪ ಹಾಕಿ ಮುಗಿಸಿದರು. ಪಿಂಗ್ರಿ ಕಟ್ಟಿದ್ದನ್ನು ನೋಡಿಕೊಳ್ಳಬೇಕಾದ ಕೈಗಳು ನಡುವೆ ಎಲ್ಲೋ ಸೋತಿದ್ದವು. ಊರು ದುಡ್ಡು ಕೊಟ್ಟು ಕೊಂಡರೂ ಸರಿ, ತಾನೇ ಮಾಡಿದರೂ ಸರಿ, ಪ್ರತಿ ವರ್ಷ ಲೆಕ್ಕ ಕೇಳುವವನೊಬ್ಬ ಇಲ್ಲದಿದ್ದರೆ ದೀಪ ಆರುತ್ತದೆ.

ಚುನಾವಣೆ ಬಂದಾಗಲೆಲ್ಲ ಒಂದು ಮಾತು ಕೇಳುತ್ತೇವೆ: ಯಶಸ್ವಿ ಉದ್ಯಮಿಯನ್ನು ಆರಿಸಿ, ಆತ ಊರನ್ನು ಕಂಪನಿಯಂತೆ ನಡೆಸುತ್ತಾನೆ. ಪಿಂಗ್ರಿಯನ್ನು ನಿಲ್ಲಿಸಿದವರು ಹೇಳಿದ್ದೂ ಅದನ್ನೇ. ಅವನು ಮಾಡಿದ್ದು ಬೇರೆ. ಜೀವಮಾನವಿಡೀ ಮಾರುವ ಬದಿಯಲ್ಲಿ ಕೂತಿದ್ದವನು ಮೇಯರ್ ಆದ ದಿನ ಎದ್ದು ಬಂದು ಕೊಳ್ಳುವವರ ಬದಿಯಲ್ಲಿ ಕೂತ. ಕೊಳ್ಳುವವರು ಎರಡು ಲಕ್ಷ ಜನ. ಅವರಿಗೆ ರಸ್ತೆ ಬೇಕು, ದೀಪ ಬೇಕು, ಟ್ರಾಮ್ ಬೇಕು, ದರ ಕೇಳಲು ಮಾತ್ರ ಪುರುಸೊತ್ತಿಲ್ಲ, ಧೈರ್ಯವಿಲ್ಲ. ಮಾರುವವರ ಗುಟ್ಟೆಲ್ಲ ಬಲ್ಲ ಒಬ್ಬ ಮನುಷ್ಯ ಅವರ ಪರವಾಗಿ ಚೌಕಾಸಿಗೆ ನಿಂತ. ಮಾರುವವರು ತನ್ನ ಸ್ವಂತ ಗೆಳೆಯರು ಎಂದು ತಿಳಿದ ಮೇಲೂ ಚೌಕಾಸಿ ನಿಲ್ಲಿಸಲಿಲ್ಲ. ಉದ್ಯಮಿ ಅಭ್ಯರ್ಥಿಯೊಬ್ಬ ಓಟು ಕೇಳಲು ಬಂದರೆ ಆತ ಎಷ್ಟು ಕೋಟಿ ಗಳಿಸಿದ್ದಾನೆ ಎಂದು ಕೇಳುವ ಬದಲು, ಗೆದ್ದ ಮೇಲೆ ಯಾವ ಬದಿಯಲ್ಲಿ ಕೂರುತ್ತೀರಿ ಸ್ವಾಮಿ ಎಂದು ಕೇಳಿನೋಡಬಹುದು.